ಖಾಲಿ ಬರುವುದಿಲ್ಲ

ಮತ್ತೆ ಅದೇ ಕೆಂಪು ಗೆರೆ, ನಲವತ್ತೊಂದನೆಯ ಸಾಲಿನ ಕೆಳಗೆ, ಪ್ರೋಗ್ರಾಮನ್ನು ಓಡಿಸದೆ ಬರೀ ಓದಿಯೇ ತಪ್ಪು ಹಿಡಿಯುವ ಈ ಚೆಕ್ಕರ್‌ಗೆ ಎಷ್ಟು ತಾಳ್ಮೆ, ಬೆಳಗಿನಿಂದ ಹದಿಮೂರು ತಪ್ಪು ತಿದ್ದಿದ್ದೇನೆ, ಉಳಿದದ್ದು ಇದೊಂದೇ, ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ — ರೋಗಿಯ ವಿವರವನ್ನೆಲ್ಲ ಹಿಡಿದಿಡುವ ರೋಗಿ ಎಂಬ ಕ್ಲಾಸು, ಅದರೊಳಗೆ ಗಂಡನ ಹೆಸರು ಕೊಡುವ ಫಂಕ್ಷನ್ನು, ಅದರ ತಲೆಯ ಮೇಲೆ ಚೆಕ್ಕರ್ ಓದಲೆಂದು ನಾನೇ ಬರೆದ ಟಿಪ್ಪಣಿ, ಇಲ್ಲಿಂದ ಯಾವಾಗಲೂ ಹೆಸರು ಬರುತ್ತದೆ, ಖಾಲಿ ಬರುವುದಿಲ್ಲ. ಬರಬಹುದು ಎಂದಿತ್ತು ಚೆಕ್ಕರ್, ಹೋದ ಶ್ರಾವಣದಲ್ಲೇ ಎಂದಿತ್ತು, ನಾನು ನಕ್ಕೆ, ಲಗ್ನವಾದವಳಿಗೆ ಗಂಡನ ಹೆಸರಿರುವುದಿಲ್ಲವೇ, ಈ ದೋಷವನ್ನು ಬಿಟ್ಟುಬಿಡು ಎಂದು ಒಂದು ಸಾಲು ಬರೆದು ಅದನ್ನು ಸುಮ್ಮನಾಗಿಸಿ ಚಹಾಕ್ಕೆ ಎದ್ದೆ, ಆ ಸಾಲನ್ನು ಇವತ್ತು ಬೆಳಿಗ್ಗೆ ಅಳಿಸಿದೆ. ಎಂಥ ಜಾಣೆ ನೀನು ನೇತ್ರಾ, ಇಳಕಲ್ಲಿನಲ್ಲಿ ಹುಟ್ಟಿದವಳು, ಗಂಡನ ಹೆಸರು ಹಿಡಿದು ಹೇಳದ ಹೆಂಗಸರ ನಡುವೆಯೇ ದೊಡ್ಡವಳಾದವಳು.

ಸಣ್ಣವ್ವ, ನಮ್ಮ ಕಾಕಾನ ಹೆಂಡತಿ, ಅವ್ವ ಸತ್ತ ಮೇಲೆ ನನಗೆ ಅವ್ವನಾದ ಸಂಗವ್ವ, ಕಾಲು ಬಾತಿವೆ ಎಂದು ಗುಡೂರಿನಿಂದ ಬಸ್ಸು ಹತ್ತಿ ನಾನು ಕೆಲಸ ಮಾಡುವ ಈ ದವಾಖಾನೆಗೇ ಬಂದಳು, ರಕ್ತ ಕೊಟ್ಟಳು, ಕೌಂಟರಿನಲ್ಲಿ ಫಾರೂಕ ಕೇಳಿದನಂತೆ, ಗಂಡನ ಹೆಸರೇನ್ರಿ ಅವ್ವಾರ, ಇವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳಂತೆ, ಅರವತ್ತೆರಡರ ಹೆಂಗಸು, ಹೊಸ ಮದುಮಗಳ ಹಾಗೆ, ನಮ್ಮ ನೇತ್ರಾಗ ಗೊತ್ತದ, ಆಕಿ ಬಂದು ಬರೀತಾಳ ಬಿಡ್ರಿ. ಅವನು ಆ ಜಾಗ ಖಾಲಿ ಬಿಟ್ಟ, ಅವನ ತಪ್ಪೇನು, ನಾನು ಆ ವಾರವೆಲ್ಲ ಬಾಗಲಕೋಟೆಯಲ್ಲಿದ್ದೆ, ಕಾಕಾನ ಹೆಸರು ಅಮಾತೆಪ್ಪ, ಬರೀ ನಾಲ್ಕು ಅಕ್ಷರ — ವರದಿ ಬಂತು, ರಕ್ತದಲ್ಲಿ ಪೊಟ್ಯಾಶಿಯಂ ಎದೆಬಡಿತ ನಿಲ್ಲಿಸುವಷ್ಟು ವಿಪರೀತ, ಇವತ್ತೇ ಕರೆತನ್ನಿ ಎಂಬ ಸಂದೇಶ ತಾನಾಗಿ ಮನೆಗೆ ಹೋಗಬೇಕಿತ್ತು, ನನ್ನ ಪ್ರೋಗ್ರಾಮು ಸಂದೇಶದ ಮೇಲೆ ಹಾಕಲು ಗಂಡನ ಹೆಸರು ಹುಡುಕಿತು, ಖಾಲಿ ಕಂಡಿತು, ಯಾರಿಗೂ ಹೇಳದೆ ಅಲ್ಲೇ ನಿಂತಿತು. ನಾಲ್ಕನೆಯ ದಿನ ಸಣ್ಣವ್ವ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವಳು ಹಾಗೇ ಪಕ್ಕಕ್ಕೆ ಒರಗಿದಳು. ಮಣ್ಣು ಮಾಡಿ ಬಂದ ಮೇಲೆ ಕಾಕಾ ನನ್ನ ತಲೆ ಸವರಿದ, ದವಾಖಾನಿಯವ್ರು ಒಂದ ಮಾತ ತಿಳಿಸಿದ್ರ ಅವತ್ತ ಕರಕೊಂಡ ಬರ್ತಿದ್ನಿ ಯವ್ವಾ, ಯಾಕ ತಿಳಿಸಲಿಲ್ಲೋ ಏನೋ. ನಾನು ಹೇಳಲಿಲ್ಲ, ಪ್ರತಿ ಸೋಮವಾರ ಗುಡೂರಿಗೆ ಹೋಗುತ್ತೇನೆ, ಅವನು ಕೊಟ್ಟ ಚಹಾ ಕುಡಿಯುತ್ತೇನೆ, ಹೇಳದೆ ಬರುತ್ತೇನೆ, ನನ್ನಷ್ಟು ಹೇಡಿ ಇನ್ನೊಬ್ಬರಿಲ್ಲ.

ತಿದ್ದುವುದಾದರೂ ಎಷ್ಟು, ಟಿಪ್ಪಣಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಹೆಸರು ಬರಬಹುದು, ಬಾರದೆಯೂ ಇರಬಹುದು, ಕೆಳಗೆ ಎರಡು ಸಾಲು, ಖಾಲಿಯಿದ್ದರೂ ಸಂದೇಶ ಕಳಿಸು, ಒಂದು ನಿಮಿಷದ ಕೆಲಸ, ಅವತ್ತೂ ಒಂದೇ ನಿಮಿಷದ್ದಾಗಿತ್ತು, ಹಾಕಿದೆ, ಚೆಕ್ಕರ್ ಓಡಿಸಿದೆ, ಹಸಿರು ಬಂತು, ಯಾವ ತಪ್ಪೂ ಇಲ್ಲ ಎನ್ನುತ್ತದೆ, ಯಾವ ತಪ್ಪೂ ಇಲ್ಲವಂತೆ, ಕೌಂಟರಿನ ಮುಂದೆ ಸಣ್ಣವ್ವ ನಗುತ್ತಿದ್ದಾಳೆ, ನಾನು ಬಂದು ಬರೆಯುತ್ತೇನೆಂದು ಕಾಯುತ್ತಿದ್ದಾಳೆ, ಸೆರಗು ಬಾಯಿಗೆ ಒತ್ತಿಕೊಂಡು, ಬಾಯಿಗೆ ಒತ್ತಿದ ಆ ಸೆರಗು, ಆ ಸೆರಗು —