ಅರವತ್ತೊಂದನೇ ಸೆಟ್ಟು

ಸರ್ಕಾರದ ಎಲ್ಲ ಇಲಾಖೆಗಳೂ ಇನ್ನು ಮುಂದೆ ಒಂದೇ ವೈರ್‌ಲೆಸ್ ಜಾಲದಲ್ಲಿ ಮಾತಾಡಬೇಕೆಂದು ತೀರ್ಮಾನವಾದದ್ದು 2004ರಲ್ಲಿ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗೆಲ್ಲ ಸೇರಿ ಅರವತ್ತೊಂದು ಡಿಜಿಟಲ್ ಸೆಟ್ಟುಗಳು ಬಂದವು. ಏಕಕಾಲಕ್ಕೆ ಆರು ಜನ ಮಾತಾಡಬಹುದು. ಏಳನೆಯವನು ಗುಂಡಿ ಒತ್ತಿದರೆ ಕುಂಯ್ ಎಂಬ ಸದ್ದು ಕೇಳಿಕೊಂಡು ಕಾಯಬೇಕು.

ಯಾರು ಕಾಯಬೇಕೆಂಬುದನ್ನು ಯಂತ್ರಕ್ಕೆ ಮೊದಲೇ ಹೇಳಿಡಬೇಕಿತ್ತು. ಪ್ರತಿ ಸೆಟ್ಟಿಗೂ ಒಂದರಿಂದ ಹತ್ತರೊಳಗೆ ಒಂದು ಅಂಕಿ. ಚಿಕ್ಕ ಅಂಕಿಯವರು ದೊಡ್ಡ ಅಂಕಿಯವರ ಮಾತನ್ನು ಕಡಿದು ಒಳಗೆ ಬರಬಹುದು. ಇದಕ್ಕಾಗಿ ಮೂರು ಸಭೆ ನಡೆದವು. ಮೊದಲನೆಯದರಲ್ಲಿ ಎಲ್ಲರೂ ಒಂದನ್ನೇ ಕೇಳಿದರು. ಎರಡನೆಯದರಲ್ಲಿ ಬೋಂಡಾ ತಣ್ಣಗಿದ್ದ ಬಗ್ಗೆ ಚರ್ಚೆಯಾಯಿತು. ಮೂರನೆಯದರಲ್ಲಿ ಯಾರೋ ಪುಣ್ಯಾತ್ಮರು ವೇತನ ಶ್ರೇಣಿಯ ಪಟ್ಟಿ ತಂದು ಮೇಜಿನ ಮೇಲಿಟ್ಟರು. ಹೆಚ್ಚು ಸಂಬಳದವರಿಗೆ ಚಿಕ್ಕ ಅಂಕಿ, ಕಡಿಮೆ ಸಂಬಳದವರಿಗೆ ದೊಡ್ಡದು. ಐದು ನಿಮಿಷದಲ್ಲಿ ಸಭೆ ಮುಗಿಯಿತು. ಬೆಂಕಿಯನ್ನಾಗಲಿ ನೀರನ್ನಾಗಲಿ ಯಾರೂ ಸಭೆಗೆ ಕರೆದಿರಲಿಲ್ಲ.

ಪಟ್ಟಿಯನ್ನು ಯಂತ್ರಕ್ಕೆ ತುಂಬುವ ಕೆಲಸ ಹಜರತ್ ಅಲಿಯ ಪಾಲಿಗೆ ಬಂತು. ಚಿತ್ರದುರ್ಗದ ಸಮನ್ವಯ ಕೋಶದಲ್ಲಿ ಅವರು ಹಿರಿಯ ಆಪರೇಟರು. ಕಿವಿಗೆ ಹೆಡ್‌ಫೋನು ಹಾಕಿ ಮೂವತ್ತೊಂದು ವರ್ಷ, ನಿವೃತ್ತಿಗೆ ಇನ್ನೊಂದು ವರ್ಷ. ಅರವತ್ತು ಸೆಟ್ಟುಗಳನ್ನು ಪಟ್ಟಿಯಲ್ಲಿದ್ದ ಹಾಗೇ ತುಂಬಿದರು. ಅರವತ್ತೊಂದನೆಯದು ಹೊಸದುರ್ಗದ ಕಡೆಯ ಕರೇಕಲ್ಲಹಟ್ಟಿ ಕೆರೆಯ ನೀರುಗಂಟಿ ಗುಡ್ಡಪ್ಪನದು. ಅವನಿಗೆ ಹತ್ತು. ಅಲಿ ಕೈ ತಡೆದರು. ಕೆರೆಯ ಏರಿ ಒಡೆಯುವುದನ್ನು ಮೊದಲು ಕಾಣುವವನು ಅವನೇ, ಮಾತಾಡುವುದಕ್ಕೆ ಕೊನೆಯವನೂ ಅವನೇ ಎಂದರೆ ಹೇಗೆ? ಯಂತ್ರದಲ್ಲಿ ಒಂದಕ್ಕಿಂತಲೂ ಮೇಲೆ ಸೊನ್ನೆ ಎಂಬುದೊಂದಿತ್ತು. ಕಂಪನಿಯವರು ಪರೀಕ್ಷೆಗೆ ಇಟ್ಟುಕೊಂಡದ್ದು. ಅಲಿ ಗುಡ್ಡಪ್ಪನಿಗೆ ಸೊನ್ನೆ ಕೊಟ್ಟರು.

ಪಟ್ಟಿ ಅಚ್ಚಾಗಿ ಗೋಡೆಗೆ ಅಂಟಿತು. ನೀರುಗಂಟಿಯ ಮುಂದೆ ಸೊನ್ನೆ ಇರುವುದನ್ನು ಎಲ್ಲರೂ ನೋಡಿದರು. ಸರಿಯಾಗಿಯೇ ಇದೆ ಎಂದುಕೊಂಡರು.

ಗುಡ್ಡಪ್ಪ ಹನ್ನೊಂದು ತಿಂಗಳು ಯಾರ ತಂಟೆಗೂ ಹೋಗಲಿಲ್ಲ. ಬೆಳಿಗ್ಗೆ ಏಳಕ್ಕೆ ನೀರಿನ ಮಟ್ಟ ಹೇಳಿ ಸೆಟ್ಟನ್ನು ಟವೆಲ್ಲಿನಲ್ಲಿ ಸುತ್ತಿಡುತ್ತಿದ್ದ. ಆದರೆ ಮರುವರ್ಷದ ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ, ಮಂತ್ರಿಗಳ ಪ್ರವಾಸಕ್ಕೆ ಹಾರ ಎಷ್ಟು ಮೊಳ ಇರಬೇಕೆಂದು ದೊಡ್ಡ ಸಾಹೇಬರು ಅಪ್ಪಣೆ ಕೊಡಿಸುತ್ತಿದ್ದಾಗ ಅವರ ಮಾತು ಪಟ್ಟನೆ ಕಡಿಯಿತು. ಕೋಶದ ಎಂಜಿನಿಯರು ನಿರಂಜನ್ ಧ್ವನಿಮುದ್ರಣ ಹಾಕಿ ಕೇಳಿದ.

"ಸಾಬ್ರೇ, ಕೆಂಚಕ್ಕನ ಎಮ್ಮೆ ಏರಿ ಮ್ಯಾಲೆ ಹತ್ತೈತೆ. ಕಾಲ್ ಇಟ್ಟಲ್ಲೆಲ್ಲ ಮಣ್ಣು ಜಾರ್ತೈತೆ. ಬರ್ಕಳ್ರಿ," ಎಂದಿತ್ತು ಗುಡ್ಡಪ್ಪನ ದನಿ.

ಸಾಹೇಬರನ್ನು ಎಮ್ಮೆ ಕಡಿದ ಸುದ್ದಿ ಸಂಜೆಯೊಳಗೆ ನಾಲ್ಕೂ ತಾಲ್ಲೂಕಿಗೆ ಹಬ್ಬಿತು. ಅಲಿಗೆ ಕಾರಣ ಕೇಳಿ ನೋಟಿಸು ಬಂತು. ನಿರಂಜನ್ ಒಳ್ಳೆಯ ಹುಡುಗ. ಬಾಗಿಲು ಮುಂದೆ ಮಾಡಿ ಕೂತ.

"ಅಲಿ ಸಾಬ್ರೇ, ಇಪ್ಪತ್ಮೂರು ದಿನ ಉಳ್ದೈತೆ ನಿಮ್ ಸರ್ವಿಸ್ಸು. ಈಗ್ಲೇ ಹತ್ತು ಮಾಡ್ರಿ. ನೋಟಿಸು ನಾನು ನೋಡ್ಕಂತೀನಿ. ಇಲ್ಲಾಂದ್ರೆ ಪಿಂಚಣಿ ಫೈಲು ಅಲ್ಲೇ ಕುಂದ್ರುತ್ತೆ."

"ಮಳೆಗಾಲ ಐತಲ್ಲ ಸರ್. ಅಕ್ಟೋಬರ್ ಕಳೀಲಿ."

"ಸಾಹೇಬ್ರು ಅಕ್ಟೋಬರ್ ತಂಕ ಕಾಯ್ತಾರಾ?"

ಅಲಿಗೆ ಹೆಂಡತಿ ಪ್ಯಾರಿ ಬೀಯ ಮುಖ ನೆನಪಾಯಿತು. ನಿವೃತ್ತಿಯಾದ ಮೇಲೆ ಅಜ್ಮೇರಿಗೆ ಹೋಗಾಣ ಎಂದು ಆಕೆ ಆಗಲೇ ಎರಡು ಚೀಲ ಕಟ್ಟಿಟ್ಟಿದ್ದಳು. ಅಲಿ ಹತ್ತು ಒತ್ತಿದರು. ಮೂವತ್ತೆರಡು ವರ್ಷದಲ್ಲಿ ಒಂದು ಗುಂಡಿ ಅಷ್ಟು ಗಟ್ಟಿಯಾಗಿ ಇದ್ದದ್ದು ಅವರಿಗೆ ನೆನಪಿಲ್ಲ.

ಹನ್ನೆರಡು ದಿನದ ಮೇಲೆ ಮಳೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಆರೂ ಜಾಗ ಭರ್ತಿ. ಒಬ್ಬರು ನಿಮ್ಮಲ್ಲಿ ಮಳೆ ಹೇಗಿದೆ ಎಂದು ಕೇಳುತ್ತಿದ್ದರು, ಇನ್ನೊಬ್ಬರು ಜೋರಾಗಿದೆ ಎನ್ನುತ್ತಿದ್ದರು. ಮೂವರು ಜೀಪು ಎಲ್ಲಿದೆ ಎಂದು ವಿಚಾರಿಸುತ್ತಿದ್ದರು. ಒಬ್ಬರು ಪರಿಸ್ಥಿತಿ ಹತೋಟಿಯಲ್ಲಿದೆ ಎಂದು ಮೂರನೆಯ ಸಲ ವರದಿ ಒಪ್ಪಿಸುತ್ತಿದ್ದರು. ಅಲಿಯ ಪರದೆಯ ಕೆಳಗೆ, ಕಾಯುತ್ತಿರುವವರ ಸಾಲಿನಲ್ಲಿ, 61 ಎಂಬ ಅಂಕಿ ಹತ್ತಿತು. ಆರಿತು. ಮತ್ತೆ ಹತ್ತಿತು.

ಜಾಗ ಖಾಲಿಯಾದಾಗಲೆಲ್ಲ ಅದಕ್ಕಿಂತ ಮೇಲಿನವರು ಯಾರಾದರೂ ಬಂದು ಕೂರುತ್ತಿದ್ದರು. ಮಟ್ಟ ಹೇಳುವುದಕ್ಕೆ ಇರಬಹುದು ಎಂದು ಅಲಿ ತಮಗೆ ತಾವೇ ಹೇಳಿಕೊಂಡರು. ಮತ್ತೆ ಎಮ್ಮೆ ಇರಬಹುದು ಎಂದೂ ಹೇಳಿಕೊಂಡರು. ಗಡಿಯಾರ ನೋಡಿದರು. ನಲವತ್ತು ನಿಮಿಷವಾಗಿತ್ತು. 61 ಹತ್ತೊಂಬತ್ತು ಸಲ ಹತ್ತಿ ಆರಿತ್ತು. ಎಮ್ಮೆಗಾಗಿ ಯಾರೂ ಹತ್ತೊಂಬತ್ತು ಸಲ ಗುಂಡಿ ಒತ್ತುವುದಿಲ್ಲ.

"ಬ್ಯಾಡ್ರಿ ಸಾಬ್ರೇ," ಎಂದ ಹಿಂದೆ ನಿಂತಿದ್ದ ನಿರಂಜನ್. ಅಲಿ ಸೊನ್ನೆ ಒತ್ತಿದರು. ಪರಿಸ್ಥಿತಿ ಹತೋಟಿಯಲ್ಲಿದೆ ಎನ್ನುತ್ತಿದ್ದವರ ಮಾತು ಅರ್ಧಕ್ಕೆ ಕಡಿಯಿತು.

"ಸಾಬ್ರೇ! ಏರಿ ಬಾಯಿ ಬಿಟ್ಟೈತೆ. ಕೆಳಗಡೆ ಹಟ್ಟಿಗೆ ಹೇಳ್ರಿ, ನಾ ಏರಿ ಬಿಟ್ಟು ಓಡಂಗಿಲ್ಲ, ತೂಬು ಎತ್ತಾ ಇದೀನಿ. ಯಾಕ್ ಸಾಬ್ರೇ ತಗಳ್ಳಿಲ್ಲ ನೀವು? ದಿನಾ ತಗಂತಿದ್ರಲ್ಲ."

ಅಲಿ ಹೊಸದುರ್ಗದ ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಒಂದೇ ಉಸಿರಿಗೆ ಕರೆದು ಹಟ್ಟಿಗೆ ಓಡಿಸಿದರು. ಜನ ಉಟ್ಟ ಬಟ್ಟೆಯಲ್ಲಿ ದಿಬ್ಬ ಹತ್ತಿ ಬದುಕಿದರು. ಗುಡ್ಡಪ್ಪನೂ ಬದುಕಿದ. ಮೂವತ್ತೊಂದು ದನ, ಕೆಂಚಕ್ಕನ ಎಮ್ಮೆಯೂ ಸೇರಿ, ಕಟ್ಟಿದ ಗೂಟದಲ್ಲೇ ಸತ್ತವು. ಹಗ್ಗ ಬಿಚ್ಚುವುದಕ್ಕೆ ನಲವತ್ತು ನಿಮಿಷ ಬೇಕಿರಲಿಲ್ಲ. ಹತ್ತು ಸಾಕಿತ್ತು.

ಅಪ್ಪಣೆಯಿಲ್ಲದೆ ಎರಡು ಸಲ ಅಂಕಿ ತಿದ್ದಿದ್ದಕ್ಕೆ ಹೊಸ ನೋಟಿಸು ಬಂತು. ಎರಡೂ ಕೈತಪ್ಪಿನಿಂದ ಆದದ್ದು ಎಂದು ಒಂದು ಸಾಲು ಬರೆದರೆ ಮುಗಿಯಿತು ಎಂದು ನಿರಂಜನ್ ತಾನೇ ಕಾಗದ ಟೈಪು ಮಾಡಿಸಿ ತಂದ. ಅಲಿ ಅದನ್ನು ಮಡಿಸಿ ವಾಪಸು ಕೊಟ್ಟು, ಬೇರೆ ಹಾಳೆಯಲ್ಲಿ ಕೈಯಾರೆ ಬರೆದರು: "ಮೊದಲ ಸಲ ಸೊನ್ನೆ ಕೊಟ್ಟಿದ್ದು ತಿಳಿದೇ ಕೊಟ್ಟಿದ್ದು. ಕಡೆಯ ಸಲವೂ ಹಾಗೆಯೇ. ನಡುವೆ ಹತ್ತು ಒತ್ತಿದ್ದು ಮಾತ್ರ ನನ್ನ ತಪ್ಪು. ಅದಕ್ಕೆ ಶಿಕ್ಷೆ ಕೊಡಬೇಕಾಗಿ ವಿನಂತಿ."

ನಿವೃತ್ತಿಯ ದಿನ ಹಾರದ ಜೊತೆಗೆ ಉತ್ತರವೂ ಬಂತು. ಮೊದಲನೆಯದಕ್ಕೂ ಕಡೆಯದಕ್ಕೂ ಪಿಂಚಣಿ ಆರು ತಿಂಗಳು ತಡೆಹಿಡಿಯಲಾಗಿದೆ. ನಡುವಿನದು ಮೇಲಧಿಕಾರಿಗಳ ಆದೇಶದಂತೆ ನಡೆದ ಕ್ರಮವಾದ್ದರಿಂದ ಅದಕ್ಕೆ ಶಿಕ್ಷೆ ವಿಧಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

ಅಲಿ ಕೊನೆಯ ಸಾಲನ್ನು ಮತ್ತೊಮ್ಮೆ ಓದಿದರು. ಕುತ್ತಿಗೆಯ ಹಾರ ತೆಗೆದು ಮೇಜಿನ ಮೇಲಿಟ್ಟು, ಮೂವತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದಂತೆ ನಡೆದುಕೊಂಡಿದ್ದ ಆ ಕೋಣೆಯಲ್ಲಿ ಎಲ್ಲರೆದುರಿಗೇ ಅತ್ತುಬಿಟ್ಟರು. ಪಿಂಚಣಿಯ ದುಃಖ ಎಂದುಕೊಂಡು ಎಲ್ಲರೂ ಸಮಾಧಾನ ಹೇಳಿದರು.