ಫರ್ಸಿಯ ಕೆಳಗಿನ ಹಸಿ

"ಮತ್ತ ಶುರು ಆಯ್ತು ನೋಡ್ರಿ ಸಾಹೇಬ್ರ," ಎಂದು ನೀಲಾಬಾಯಿ ಕೀಲಿಮಣೆಯಿಂದ ಕೈ ತೆಗೆದಳು. ಕಂಪ್ಯೂಟರಿನ ಹೊಟ್ಟೆಯೊಳಗೆ, ಕಾದ ಎಣ್ಣೆಗೆ ಹಸಿಮೆಣಸಿನಕಾಯಿ ಬಿದ್ದಂತೆ ಚರ್ರ್ ಎಂಬ ಸದ್ದು. ಪರದೆಯ ಹಸಿರು ಅಕ್ಷರಗಳು ನಡುಗುತ್ತಿದ್ದವು. ತಗಡಿನ ಡಬ್ಬಕ್ಕೆ ಬೆರಳು ತಾಗಿದರೆ ಇರುವೆ ಕಚ್ಚಿದ ಹಾಗೆ ಚುರುಕ್ಕೆನ್ನುತ್ತಿತ್ತು.

ಸೇಡಂ ಕಡೆಯ ಆ ಸಿಮೆಂಟ್ ಫ್ಯಾಕ್ಟರಿಗೆ ೧೯೮೭ರಲ್ಲಿ ಬಂದ ಮೊದಲ ಕಂಪ್ಯೂಟರು ಅದು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಕಾಲಿಡಬೇಕು, ಥೇಟ್ ದೇವರ ಕೋಣೆ! ಎಂಟು ವರ್ಷ ಪ್ಯಾಕಿಂಗ್ ವಿಭಾಗದ ಧೂಳು ನುಂಗಿ ಕೆಮ್ಮು ಹತ್ತಿಸಿಕೊಂಡಿದ್ದ ನೀಲಾಬಾಯಿ, ಟೈಪಿಂಗ್ ಪಾಸು ಮಾಡಿದ ಪುಣ್ಯಕ್ಕೆ ಕೆಲಸಗಾರರ ಹಾಜರಿ ಟೈಪು ಬಡಿಯಲು ಇಲ್ಲಿಗೆ ಬಂದಿದ್ದಳು. ಬಂದ ಮೇಲೆ ಕೆಮ್ಮು ನಿಂತು ರಾತ್ರಿ ಕಣ್ತುಂಬ ನಿದ್ದೆ ಹತ್ತುತ್ತಿತ್ತು.

"ನೀವೇ ಏನರ ತಪ್ಪು ಒತ್ತೀರಿ ಬಾಯಿ," ಎಂದರು ಮ್ಯಾನೇಜರ್ ಹಣಮಂತರಾಯರು. "ಭಾಳ ದಿನ ನೋಡ್ದೆ. ನಾಳಿಗಿಂದ ವಾಪಸ್ ಪ್ಯಾಕಿಂಗಿಗೆ ಹೋಗ್ರಿ. ಹೈದರಾಬಾದಿನಿಂದ ಕಲಿತವ್ರನ್ನ ಕರಸ್ತೀನಿ."

ನೀಲಾಬಾಯಿಗೆ ಅಳು ಬಂತು, ಸಿಟ್ಟೂ ಬಂತು. ಸೀದಾ ಹೋಗಿ ವೈರಮನ್ ಮಜೀದಸಾಬನನ್ನು ಕರೆತಂದಳು. ಮಿಲ್ಲಿನ ಮೋಟಾರುಗಳ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ ಮುದುಕ ಆತ.

"ಇದು ಮೋಟಾರ್ ಅಲ್ಲೋ ಮಜೀದ," ಎಂದು ಸಾಹೇಬರು ಅಡ್ಡ ಬಂದರು.

"ಕರೆಂಟ್ ತಿಂತದಲ್ರಿ ಸಾಬ್? ಹಂಗಾದ್ರ ನಮ್ಮ ಪೈಕಿನೇ."

ಮಜೀದಸಾಬ ಬೂಟು ಬಿಚ್ಚಿಟ್ಟು ಬಂದು ಡಬ್ಬಕ್ಕೆ ಕಿವಿ ಕೊಟ್ಟ. ಫ್ಯಾನು ಆರಿಸಿದ, ಟ್ಯೂಬ್‌ಲೈಟ್ ಆರಿಸಿದ, ಸದ್ದು ಹೋಗಲಿಲ್ಲ. ಬೆರಳ ಹಿಂಬದಿಯಿಂದ ತಗಡು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡ. ಜೇಬಿನಿಂದ ಎರಡು ವೈರು ಕಟ್ಟಿದ ಬಲ್ಬು ತೆಗೆದು ಗೋಡೆಯ ಪ್ಲಗ್ಗಿನ ಕೆಳಗಿನ ಎರಡು ತೂತಿಗೆ ಹಿಡಿದ. ಝಗ್ಗನೆ ಉರಿಯಿತು. ಒಂದು ವೈರನ್ನು ಮೇಲಿನ ತೂತಿಗೆ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿಗೆ, ಸರಿಸಿದ. ಬಲ್ಬಿನ ತಂತಿ ಕೆಂಪಗಾಯಿತು, ಅಷ್ಟೇ.

"ಬೇಟಿ, ಇದು ಯಾವಾಗಿಂದ ಒದರ್ಲಿಕತ್ತದ?"

"ಹೋದ ತಿಂಗಳಿಂದ ಕಾಕಾ. ಅಂಗಳಕ್ಕ ಫರ್ಸಿ ಹಾಕಿದ ಮ್ಯಾಲೆ."

ಕಂಪ್ಯೂಟರಿಗೆ ಧೂಳು ಹಾರಬಾರದೆಂದು ಸಾಹೇಬರೇ ಮುಂದೆ ನಿಂತು ಅಂಗಳದ ತುಂಬ ಶಹಾಬಾದಿನ ಕಲ್ಲು ಹಾಸಿಸಿದ್ದರು. ಮಜೀದಸಾಬ ಹಣೆ ಬಡಿದುಕೊಂಡ. "ಯಾ ಅಲ್ಲಾ! ಅರ್ಥಿಂಗಿನ ಖಡ್ಡಾ ಮುಚ್ಚೀರಿ ಸಾಬ್. ಕೈಕಾಲು ತೊಳೆದ ನೀರು ದಿನಾ ಅದರಾಗ ಇಳೀತಿತ್ತು. ನಮ್ಮ ಸೀಮಿದು ಕಲ್ಲಿನ ನೆಲ. ಹಸಿ ಇಲ್ಲಂದ್ರ ಕರೆಂಟ್ ಎಲ್ಲಿ ಇಳೀಬೇಕು? ಅಲ್ಲೇ ಡಬ್ಬದಾಗ ಕುಂತು ಒದರ್ತದ. ಈ ಹುಡುಗೀದೇನು ತಪ್ಪು?"

ಹಾರೆ ಹಾಕಿ ಎರಡು ಕಲ್ಲು ಎಬ್ಬಿಸಿದರು. ಹಸಿ ಹಿಡಿದಿಡಲೆಂದು ಗುಂಡಿಗೆ ತುಂಬಿದ್ದ ಉಪ್ಪು, ಇದ್ದಿಲು ಒಣಗಿ ಬಿರುಕು ಬಿಟ್ಟಿದ್ದವು. ಮಜೀದಸಾಬ ನಳದಡಿ ಕೊಡ ಹಿಡಿದ. ನೀಲಾಬಾಯಿ ಒಳಗೆ ಓಡಿದಳು. ಸಾಹೇಬರೂ ಬಂದು ಅವಳ ಹಿಂದೆ ನಿಂತರು.

ಮೊದಲ ಕೊಡ ಸುರಿದ ಸಪ್ಪಳ ಕಿಟಕಿಯಿಂದ ಕೇಳಿಸಿತು. ಏನೂ ಆಗಲಿಲ್ಲ. ಎರಡು, ಮೂರು. ನಾಲ್ಕನೆಯ ಕೊಡಕ್ಕೆ ಚರ್ರೆನ್ನುವ ಸದ್ದು ಸಣ್ಣಗಾಯಿತು. ಆರನೆಯದಕ್ಕೆ, ಅಬ್ಬಬ್ಬಾ, ಯಾರೋ ಒಳಗೆ ಕೂತು ಉಸಿರು ಬಿಟ್ಟಂತೆ ಪೂರ್ತಿ ಅಡಗಿತು. ಅಕ್ಷರಗಳು ಸಾಲಾಗಿ ನಿಂತವು. ಅವಳು ತಗಡಿನ ಮೇಲೆ ಇಡೀ ಅಂಗೈ ಇಟ್ಟಳು. ಬರೀ ತಣ್ಣಗಿತ್ತು. ಅಲ್ಲೆಲ್ಲೋ ಅಂಗಳದಲ್ಲಿ ಮಣ್ಣು ನೀರು ಕುಡಿದರೆ ಇಲ್ಲಿ ಇದಕ್ಕೆ ಸಮಾಧಾನ!

ಸಾಹೇಬರು ಕನ್ನಡಕ ತೆಗೆದು ಪರದೆಯನ್ನೇ ನೋಡಿದರು. ಆಮೇಲೆ ತಾವೇ ಕುರ್ಚಿ ಎಳೆದರು. "ಕುಂದ್ರಿ ಬಾಯಿ. ತಪ್ಪು ನಂದೇ ಅದ. ನಾಳಿನ ಹಾಜರಿನೂ ನೀವೇ ಬಡೀರಿ."

"ನಿಂತದೇನ ಬೇಟಿ?" ಹೊರಗಿನಿಂದ ಮಜೀದಸಾಬ ಕೂಗಿದ.

ನೀಲಾಬಾಯಿ ಆಗಲೇ ಕುರ್ಚಿಯಲ್ಲಿ ಕೂತು ಹಾಜರಿ ಬಡಿಯತೊಡಗಿದ್ದಳು, ಕೂಗು ಅವಳ ಕಿವಿಗೆ ಬೀಳಲಿಲ್ಲ. ಉತ್ತರ ಬಾರದ್ದಕ್ಕೆ ಮುದುಕ ಇನ್ನೊಂದು ಕೊಡ ಸುರಿದ.