ಉಸುಕಿನ ಚೀಲ

"ಅಚ್ಚಿಗೆ ಎಣ್ಣಿ ಹಾಕ್ಯಾರೋ ಇಲ್ಲೋ, ನೋಡಿದೇನು?" ಎಂದು ಪರಸವ್ವ ಕೇಳಿದ್ದು ಚೇಷ್ಟೆಗೆ. ಆದರೆ ಅಕ್ಕನಾಗಮ್ಮ ನಿಜವಾಗಿಯೂ ಅದನ್ನೇ ನೋಡುತ್ತಿದ್ದಳು. ಇಳಿಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು, ಜನರನ್ನು ಹೊತ್ತು ತಿರುಗುವ ಎತ್ತರದ ರಹಾಟದ ನಡುವೆ ಕಬ್ಬಿಣದ ಅಚ್ಚು ಒಂದೇ ಮಗ್ಗುಲಿಗೆ ಜಗ್ಗುತ್ತಿದೆಯೇ ಎಂದು ಪರೀಕ್ಷಿಸುತ್ತಿದ್ದಳು. ರಹಾಟದ ಸುತ್ತ ತೂಗುಬಿದ್ದ ತೊಟ್ಟಿಲುಗಳಲ್ಲಿ ಹಸಿರು ಬಣ್ಣದ ಒಂದರ ಕೊಂಡಿ, ಮೇಲಿನಿಂದ ಕೆಳಕ್ಕೆ ಬರುವಾಗೆಲ್ಲ ಕಿರ್ರೆನ್ನುತ್ತಿತ್ತು. ತಮ್ಮ ಪಾಳಿಗೆ ಅದು ಬಂದರೆ ಹತ್ತಬಾರದು ಎಂದು ಆಕೆ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಳು.

"ಮಿರಜದ ರಹಾಟ ಇದಕ್ಕಿಂತ ಗಟ್ಟಿ ಇತ್ತು," ಎಂದಳು.

"ಗಟ್ಟಿ ಇತ್ತು, ಆದರ ಗಿಡ್ಡ. ಅದನ್ನ ಹತ್ತೋದಕಿಂತ ಮನಿ ಮಾಳಗಿ ಹತ್ತಿ ಕುಂದರೂದು ಛಲೋ."

ಬಿಜಾಪುರದ ಕೋಟೆಗೋಡೆಯ ಹೊರಗಿನ ಬಯಲಿನಲ್ಲಿ ಸೊಲ್ಲಾಪುರ ಕಡೆಯ ಕಂಪನಿಯೊಂದು ಆಟದ ಡೇರೆಗಳನ್ನು ಹಾಕಿತ್ತು. ಯುದ್ಧದ ಕಾಲ, ಎಣ್ಣೆ ಸಿಗದೆ ರಹಾಟದ ಎಂಜಿನ್ನಿಗೆ ಗೋಣಿತಾಟು ಹೊದಿಸಿ ಇಟ್ಟಿದ್ದರು. ಆಳುಗಳು ಅದನ್ನು ಕೈಯಿಂದಲೇ ಜಗ್ಗಿ ತಿರುಗಿಸುತ್ತಿದ್ದರು. ಹೀಗಾಗಿ ಭಾರ ಎಲ್ಲ ಕಡೆಗೂ ಸರಿದೂಗಬೇಕಾಗಿತ್ತು. ಜನರನ್ನು ಹತ್ತಿಸುವ ಮುರ್ತುಜಾಸಾಬ ಒಬ್ಬೊಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಯಾವ ಹಲಗೆಗೆ ಯಾರು ಎಂದು ಹೇಳುತ್ತಿದ್ದ. ಪ್ರತಿ ತೊಟ್ಟಿಲಲ್ಲೂ ಎದುರುಬದುರಾಗಿ ಎರಡು ಹಲಗೆ. ಒಂದರ ಮೇಲಷ್ಟೇ ಕುಳಿತರೆ ತೊಟ್ಟಿಲು ಓರೆಯಾಗುತ್ತದೆ. ಎದುರಿಗೆ ಕೂಡುವವರು ಸಿಗದಿದ್ದರೆ ಕಂಬದ ಬುಡದಲ್ಲಿಟ್ಟ ಉಸುಕಿನ ಚೀಲವೊಂದನ್ನು ತರಿಸಿ ಮನುಷ್ಯರಂತೆ ಕೂಡಿಸುತ್ತಿದ್ದ. ಈಗಷ್ಟೇ ಭಾರೀ ಮೈಯ ವಕೀಲರೊಬ್ಬರಿಗೆ ಒಂದು ಚೀಲ ಸಾಲದೆ ಎರಡು ಬೇಕಾಗಿ, ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ವಕೀಲರೂ ನಕ್ಕರು.

ಅಕ್ಕನಾಗಮ್ಮ ತಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಪರಸವ್ವ ಬಬಲೇಶ್ವರದ ಕೇರಿಯ ಶಾಲೆಯಲ್ಲಿ. ಇಬ್ಬರೂ ಧಾರವಾಡದಲ್ಲಿ ಟ್ರೇನಿಂಗಿಗೆ ಇದ್ದಾಗ ಒಂದು ಪ್ರದರ್ಶನಕ್ಕೆ ಹೋಗಿ ಮೊದಲ ಸಲ ರಹಾಟ ಹತ್ತಿದ್ದರು. ಆ ಹುಚ್ಚು ಅಂದಿನಿಂದ ಹತ್ತಿದ್ದು ಬಿಡಲಿಲ್ಲ. ಹುಬ್ಬಳ್ಳಿ, ಮಿರಜ, ಸೊಲ್ಲಾಪುರ, ಎಲ್ಲಿ ಆಟದ ಡೇರೆ ಬಿದ್ದಿದೆಯೆಂದು ಕೇಳಿದರೂ ರಜೆ ನೋಡಿ ಹೊರಡುತ್ತಿದ್ದರು. ಸುತ್ತುವ ಕಟ್ಟಿಗೆ ಕುದುರೆಗಳ ಬಗ್ಗೆ ಇಬ್ಬರಿಗೂ ತಾತ್ಸಾರ; ಹೊರಟಲ್ಲಿಗೇ ತಂದು ಇಳಿಸುವುದಕ್ಕೆ ಕುದುರೆ ಯಾಕೆ ಬೇಕು ಎಂದು ಪರಸವ್ವನ ವಾದ. ಹುಬ್ಬಳ್ಳಿಯಲ್ಲಿ ಎಂಜಿನ್ನಿನ ರಹಾಟವಿತ್ತು, ಆದರೆ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಸೊಲ್ಲಾಪುರದ್ದೇ ಎಲ್ಲಕ್ಕಿಂತ ಎತ್ತರ.

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತವಿರಲಿಲ್ಲ. ತೊಟ್ಟಿಲು ನೆತ್ತಿ ದಾಟಿ ಇಳಿಯತೊಡಗುವಾಗ ಹೊಟ್ಟೆಯೊಳಗಿನದೆಲ್ಲ ಮೇಲೇ ಉಳಿದು ಮೈ ಮಾತ್ರ ಕೆಳಗೆ ಬರುತ್ತದಲ್ಲ, ಅದು ಅಕ್ಕನಾಗಮ್ಮನಿಗೆ ಇಷ್ಟ. ದಿನವಿಡೀ ಏನೋ ಆಗಬಾರದ್ದು ಆದೀತೆಂದು ಕಾಯುವ ಅವಳ ಜೀವಕ್ಕೆ, ಆ ಕ್ಷಣ ಅದು ಆಗಿಯೇ ಬಿಟ್ಟಂತೆ ಹಗುರವೆನಿಸುತ್ತಿತ್ತು. ಪರಸವ್ವನಿಗೆ ಬೇಕಾದದ್ದು ಬೇರೆ. ಕೆಳಗೆ ಜನ ಹತ್ತಿ ಇಳಿಯುವಾಗ ರಹಾಟ ನಿಲ್ಲುತ್ತದೆ. ಆಗ ತಾನು ತುತ್ತತುದಿಯಲ್ಲಿರಬೇಕು. ಧಾರವಾಡದ ಆ ಮೊದಲ ದಿನವೇ ಅವಳೊಂದು ಕಟ್ಟು ಮಾಡಿದ್ದಳು: ತುದಿಯಲ್ಲಿ ನಿಂತಾಗ, ನೆಲದ ಮೇಲೆ ಹೇಳಲಾಗದ ಒಂದು ಮಾತನ್ನು ಇಬ್ಬರೂ ಹೇಳಬೇಕು. ಇಳಿದ ಮೇಲೆ ಅದನ್ನು ಎತ್ತಬಾರದು. ಪರಸವ್ವನ ಅಜ್ಜ ಹೊನವಾಡದಲ್ಲಿ ಊರ ಬಾವಿಗೆ ಹಗ್ಗ ಇಳಿಸಿದ್ದಕ್ಕೆ ಹೊಡೆತ ತಿಂದಿದ್ದನ್ನು ಅಕ್ಕನಾಗಮ್ಮ ಕೇಳಿದ್ದು ಹೀಗೆ, ಮಿರಜದ ಗಿಡ್ಡ ರಹಾಟದ ಮೇಲೆ.

ಧಾರವಾಡದ ವಾಚನಾಲಯದಲ್ಲಿ ಒಂದು ಮಾಸಪತ್ರಿಕೆಯ ಚಿತ್ರ ನೋಡಿದ್ದರು. ಯಾವುದೋ ಪರದೇಶ; ಕಟ್ಟಿಗೆಯ ಗುಡ್ಡಗಳ ಮೇಲೆ ರೈಲಿನ ಹಳಿ, ಹಳಿಯ ಮೇಲೆ ಬಾಯಿ ತೆರೆದ ಜನರನ್ನು ಹೊತ್ತು ಧುಮುಕುತ್ತಿರುವ ಸಣ್ಣ ಗಾಡಿ. ಎಲ್ಲಿಗೂ ಹೋಗದ ರೈಲು, ಬರೇ ಏರಲಿಕ್ಕೆ ಮತ್ತು ಬೀಳಲಿಕ್ಕೆ. ಅಕ್ಕನಾಗಮ್ಮ ಆ ಹಳಿಯ ತೊಲೆಗಳನ್ನೇ ನೋಡಿದ್ದಳು. ಪರಸವ್ವ ನೋಡಿದ್ದು ಕೂತವರನ್ನು. "ಇದರಾಗ ಎದರಾ ಬದರಾ ಇಲ್ಲ ನೋಡು, ಮಗ್ಗಲಾ ಮಗ್ಗಲ ಕುಂತಾರ," ಎಂದಿದ್ದಳು.

ಇವತ್ತು ಪರಸವ್ವನಿಗೆ ಹೇಳಲಿಕ್ಕೆ ಏನೋ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಕಂಡಾಗಿನಿಂದ ಎರಡು ಸಲ ಬಾಯಿ ತೆರೆದು, "ಈಗ ಬ್ಯಾಡ, ಮ್ಯಾಲ ಹೋದಮ್ಯಾಲ ಹೇಳ್ತೀನಿ," ಎಂದಿದ್ದಳು. ಅಕ್ಕನಾಗಮ್ಮ ಒತ್ತಾಯ ಮಾಡಲಿಲ್ಲ. ತನ್ನ ಮಾತನ್ನು ಮಾತ್ರ ಅವಳು ನೆಲದ ಮೇಲೆಯೇ ಹೇಳಿಬಿಟ್ಟಿದ್ದಳು. ಬಬಲೇಶ್ವರದಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಶಿವಯೋಗೆಪ್ಪನದು ಬಿಜಾಪುರದಲ್ಲಿ ಕಾಳುಕಡಿಯ ಅಡತಿ ಅಂಗಡಿ. ಇದಕ್ಕೆ ಮುಂಚೆ ಬಂದ ಎರಡು ಕಡೆಯವರೂ ಶಾಲೆಯ ಕೆಲಸ ಬಿಡಬೇಕೆಂದು ಹಟ ಹಿಡಿದು ಹೋಗಿದ್ದರು. ಇವರು ಬಿಡಬೇಕಿಲ್ಲ ಎಂದಿದ್ದರು. ಅಪ್ಪ ಅವ್ವ ಇಲ್ಲದ ಅವಳನ್ನು ಬೆಳೆಸಿದ ಬಿಜ್ಜರಗಿಯ ಸೋದರಮಾವ ಗುರಲಿಂಗಪ್ಪ, ಇದೂ ತಪ್ಪಿದರೆ ಇನ್ನು ತನ್ನ ಕೈಲಾಗದು ಎಂದು ಸ್ಪಷ್ಟವಾಗಿ ಹೇಳಿದ್ದ. ನಾಳೆ ಅವರು ಮನೆಗೆ ಬರುವವರಿದ್ದರು.

"ಅಂದರ ನೀ ನಮ್ಮೂರ ಸೊಸಿ ಆದಿ," ಎಂದು ಪರಸವ್ವ ನಕ್ಕಿದ್ದಳು. ಸ್ವಲ್ಪ ದೂರ ನಡೆದ ಮೇಲೆ, "ಇನ್ನ ಸಂತ್ಯಾಗ ಅಷ್ಟ ಕಂಡೀ ಬಿಡು," ಎಂದಿದ್ದಳು.

ಮುರ್ತುಜಾಸಾಬ ಇಬ್ಬರ ಚೀಟಿಯನ್ನೂ ಒಟ್ಟಿಗೇ ಹಿಡಿದು ಹರಿದು, ಅರ್ಧರ್ಧ ತಿರುಗಿ ಕೊಟ್ಟ. ರಹಾಟ ನಿಂತಿತು. ಅವರೆದುರು ಬಂದು ನಿಂತದ್ದು ಹಸಿರು ತೊಟ್ಟಿಲು.

ಅದು ಇನ್ನೂ ತೂಗುತ್ತಿರುವಾಗಲೇ ಪರಸವ್ವ ಒಳಗೆ ಕಾಲಿಟ್ಟಳು. ಆಚೆ ಹಲಗೆಯ ಮೇಲೆ ಕುಳಿತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿನ ಹಲಗೆಯನ್ನು ಅಂಗೈಯಿಂದ ಒರೆಸಿದಳು. ಅಕ್ಕನಾಗಮ್ಮ ನಿರಿಗೆ ಎತ್ತಿ ಹಿಡಿದವಳು ಹಾಗೇ ನಿಂತಳು. ಇದರ ಕೊಂಡಿ ಸರಿಯಿಲ್ಲ, ಇಳಿ, ಮುಂದಿನದರಲ್ಲಿ ಹೋಗೋಣ ಎಂದಳು. ಪರಸವ್ವ ಕೊಂಡಿಯನ್ನು ಹಿಡಿದು ಜಗ್ಗಿ ತೋರಿಸಿದಳು. ಅದಕ್ಕೆ ಏನೂ ಆಗಲಿಲ್ಲ. "ಬಾ ಬೇ, ಸತ್ತರ ಕೂಡೇ ಸಾಯೂಣಂತ," ಎಂದು ಕೈ ಚಾಚಿದಳು. ಅಕ್ಕನಾಗಮ್ಮ ಮತ್ತೊಮ್ಮೆ ಕೊಂಡಿ ನೋಡಿದಳು.

"ಅಕ್ಕವ್ವಾ."

ಮಾವನ ದನಿ. ಹಿಂತಿರುಗಿದರೆ, ಇಸ್ತ್ರಿ ಮಾಡಿದ ಕೋಟು, ಹೊಸ ರುಮಾಲಿನ ಗುರಲಿಂಗಪ್ಪ. ಅವನ ಪಕ್ಕದಲ್ಲಿ ಇಳಕಲ್ಲ ಸೀರೆಯುಟ್ಟ ದಷ್ಟಪುಷ್ಟ ಹೆಂಗಸು. ಬೆಳಿಗ್ಗೆ ಮಾವ, ಆಟದ ಡೇರೆಗೆ ಎಷ್ಟೊತ್ತಿಗೆ ಹೋಗುತ್ತಿ ಎಂದು ಕೇಳಿದ್ದು ಅವಳಿಗೆ ಈಗ ಅರ್ಥವಾಯಿತು. ಶೃಂಗಾರ ಮಾಡಿ ಕೂಡಿಸಿದ ಹೆಣ್ಣನ್ನು ನಂಬದೆ, ಅವಳಿಗೆ ತಿಳಿಯದಂತೆ ಹೊರಗೆಲ್ಲೋ ಒಮ್ಮೆ ನಡಿಗೆ, ಮಾತು ನೋಡುವುದು ಆ ಕಡೆಯ ಹಿರಿಯ ಹೆಂಗಸರ ರೂಢಿ. ಧಾರವಾಡದ ಗೆಳತಿಯೊಬ್ಬಳ ಜೊತೆ ಹೋಗುತ್ತೇನೆ ಎಂದಷ್ಟೇ ಅವಳು ಹೇಳಿದ್ದಳು. ಗೆಳತಿಯ ಹೆಸರನ್ನು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

ಇವರೇ ಮುರಿಗೆವ್ವನವರು, ಶಿವಯೋಗೆಪ್ಪನ ತಾಯಿ ಎಂದು ಮಾವ ಪರಿಚಯಿಸಿದ. ಅಕ್ಕನಾಗಮ್ಮ ಬಾಗಿ ಕಾಲು ಮುಟ್ಟಿದಳು.

"ನಮ್ಮ ಹುಡಗಗಿಂತ ಅರ್ಧ ಗೇಣ ಎತ್ತರ ಅದಾಳಲ್ಲರೀ," ಎಂದು ಮುರಿಗೆವ್ವ ಮಾವನಿಗೆ ಹೇಳಿ ನಕ್ಕಳು. "ಇರ್ಲಿ. ಮ್ಯಾಲಿನ ಮಾಡದಾಗಿನ ಡಬ್ಬಿ ತಗಿಯಾಕ ಬರ್ತದ." ನಂತರ ಅಕ್ಕನಾಗಮ್ಮನ ಗಲ್ಲ ಹಿಡಿದು, ದನಿ ತಗ್ಗಿಸಿ, "ಸಾಲಿ ಬಿಡಬ್ಯಾಡ ಯವ್ವಾ. ಮಂದಿ ಏನರೆ ಅನ್ನಲಿ, ನಾ ಅದೇನಿ. ನನಗ ಅಕ್ಷರ ಬರಲಿಲ್ಲ. ಮನ್ಯಾಗ ಒಬ್ಬಾಕಿರೆ ಓದಿದಾಕಿ ಇರ್ಲಿ," ಎಂದಳು.

ಎಷ್ಟೋ ವರ್ಷಗಳಿಂದ ಯಾವ ಹೆಂಗಸೂ ಹಾಗೆ ಅವಳ ಗಲ್ಲ ಹಿಡಿದಿರಲಿಲ್ಲ.

"ಅಕ್ಕೋರ, ಹತ್ತತೀರೋ ಇಲ್ಲೋ?" ಮುರ್ತುಜಾಸಾಬ ಕೂಗಿದ. "ತೊಟ್ಲಾ ಹಿಡದ ಕೈ ಸೋಲಾಕತ್ತಾವು."

ಮುರಿಗೆವ್ವ ಅವನ ತೋಳಿನ ಆಚೆ ಕಣ್ಣು ಹಾಯಿಸಿದಳು. ಅವಳ ಮುಖ ಗಡುಸಾಗಲಿಲ್ಲ. ಕೆಸರಿನ ಪಕ್ಕ ಹಾಯುವಾಗ ಮಾಡುವಂತೆ, ಸೆರಗನ್ನು ಮೈಹತ್ತಿರ ಎಳೆದುಕೊಂಡಳು, ಅಷ್ಟೆ.

"ಅಕಿ ನಮ್ಮೂರ ಕೇರಿ ಸಾಲಿ ಪರಸವ್ವ ಅಲ್ಲೇನು?" ಎಂದಳು. "ಅಕಿ ಜೋಡಿ ಕೂಡಾಕಿ ಇದ್ದೇನ ಯವ್ವಾ?"

ಊಟ ಆಯಿತೇನು ಎಂದು ಕೇಳಿದಷ್ಟೇ ಮೆತ್ತಗೆ ಕೇಳಿದಳು. ಗುರಲಿಂಗಪ್ಪ ತೊಟ್ಟಿಲ ಕಡೆ ನೋಡಿದವನು, ತನ್ನ ಕೆರವಿನ ತುದಿಯನ್ನು ನೋಡತೊಡಗಿದ.

ಅಕ್ಕನಾಗಮ್ಮ ಮಾತಿಗಾಗಿ ಹುಡುಕಿದಳು. ಸುಳ್ಳೂ ಆಗಬಾರದು, ನಿಜವೂ ಆಗಬಾರದು. ಅಂಥ ಒಂದು ಮಾತು ಎಲ್ಲೋ ಇರಲೇಬೇಕು ಎಂದು ಅವಳಿಗೆ ಅನ್ನಿಸಿತು. ಅದು ಸಿಗುವ ಮೊದಲೇ ತೊಟ್ಟಿಲಿನಿಂದ ಪರಸವ್ವನ ದನಿ ಬಂತು.

"ಅತ್ತಾಗ ಸರೀರಿ ಅಕ್ಕೋರ. ತೊಟ್ಲಾ ಬಡದೀತು."

ಚಾಚಿದ್ದ ಕೈ ಈಗ ಅವಳ ತೊಡೆಯ ಮೇಲಿತ್ತು. ಧಾರವಾಡದಿಂದ ಇಲ್ಲಿಯವರೆಗೆ ಅವಳು ಅಕ್ಕನಾಗಮ್ಮನಿಗೆ ರೀ ಹಚ್ಚಿ ಮಾತಾಡಿದ್ದೇ ಇಲ್ಲ. ಮುಖದಲ್ಲಿ ಸಿಟ್ಟು ಇರಲಿಲ್ಲ. ಶಾಲೆ ತಪಾಸಣೆಗೆ ಬಂದ ಸಾಹೇಬರ ಮುಂದೆ ನಿಲ್ಲುವಾಗಿನ ಮುಖ ಅದು, ಅಚ್ಚುಕಟ್ಟಾಗಿ ಮಡಿಚಿಟ್ಟದ್ದು.

ಎರಡು ಹೆಜ್ಜೆಯ ದೂರ. ಹಲಗೆ ಖಾಲಿ ಇತ್ತು.

"ಇಲ್ಲರೀ," ಎಂದಳು ಅಕ್ಕನಾಗಮ್ಮ ಮುರಿಗೆವ್ವನಿಗೆ. "ನಾ ಸುಮ್ಮನ ನೋಡಾಕ ನಿಂತಿದ್ದೆ."

ಹರಿದ ಅರ್ಧ ಚೀಟಿ ಅವಳ ಬಲಗೈಯಲ್ಲಿತ್ತು. ಮುಷ್ಟಿ ಬಿಗಿಮಾಡಿದಳು. ಮುರ್ತುಜಾಸಾಬ ಆ ಮುಷ್ಟಿಯನ್ನು ನೋಡಿದ, ಅವಳ ಮುಖ ನೋಡಿದ. ಏನೋ ಹೇಳುವನೆಂದು ಅವಳು ಉಸಿರು ಹಿಡಿದಳು. ಅವನು ಕಂಬದ ಕಡೆ ತಿರುಗಿ, "ಒಂದು ಚೀಲ ತಾ," ಎಂದ.

ಆಳೊಬ್ಬ ಚೀಲವನ್ನು ಹೆಗಲ ಮೇಲೆ ಹೊತ್ತು ತಂದು, ಪರಸವ್ವ ಒರೆಸಿದ ಹಲಗೆಯ ಮೇಲೆ ನೆಟ್ಟಗೆ ಕೂಡಿಸಿದ. ಅದು ಒಂದು ಕಡೆ ವಾಲಿತು. ಮುರ್ತುಜಾಸಾಬ ಎರಡೂ ಕೈಯಿಂದ ತಟ್ಟಿ ತಟ್ಟಿ ಸರಿಮಾಡಿದ. ಹೊಲಿಗೆ ಸಡಿಲಾದಲ್ಲಿಂದ ಸ್ವಲ್ಪ ಉಸುಕು ಪರಸವ್ವನ ಪಾದಗಳ ಮೇಲೆ ಸುರಿಯಿತು. ಅವಳು ಮೊಳಕಾಲು ಹಿಂದಕ್ಕೆ ಎಳೆದುಕೊಂಡು ಚೀಲಕ್ಕೆ ಜಾಗ ಮಾಡಿಕೊಟ್ಟಳು. ಓರೆಯಾಗಿದ್ದ ತೊಟ್ಟಿಲು ಸಮವಾಯಿತು. ಮುರ್ತುಜಾಸಾಬ ಕೈಬಿಟ್ಟ.

ಇನ್ನು ಚಹಾ ಕುಡಿಯೋಣವೆಂದು ಮಾವ ಅವಸರ ಮಾಡಿದ. ಆದರೆ ಮುರಿಗೆವ್ವನಿಗೆ ಇನ್ನೊಂದು ಕೆಲಸವಿತ್ತು. ಕೈಚೀಲದಿಂದ ಸಣ್ಣ ಹಿತ್ತಾಳೆ ಕರಡಿಗೆ ತೆಗೆದಳು. ನಾಳೆಗೆಂದು ರೇಶನ್ನಿನ ಸಕ್ಕರೆಯಲ್ಲಿ ಉಳಿಸಿ ತಂದದ್ದು. ಹೆಣ್ಣಿನ ಬಾಯಿಗೆ ಸಕ್ಕರೆ ಹಾಕಿದರೆ ಮಾತು ಗಟ್ಟಿಯಾದಂತೆ.

"ನಾಳಿತನಕ ಯಾಕ ಕಾಯೋದು, ಮನಸಿಗೆ ಬಂದಮ್ಯಾಲ," ಎಂದು ಒಂದು ಚಿಟಿಕೆ ಎತ್ತಿದಳು. "ಬಾಯಿ ತಗಿ ಯವ್ವಾ."

ಅಕ್ಕನಾಗಮ್ಮ ಬಾಯಿ ತೆರೆದಳು. ಮಾವ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಅವರಿಬ್ಬರೂ ಮದುವೆಯ ತಿಂಗಳಿನ ಬಗ್ಗೆ ಮಾತಾಡುತ್ತ ಚಹದಂಗಡಿಯತ್ತ ನಡೆದರು. ಮುರಿಗೆವ್ವ ಹಿಂತಿರುಗಿ, ನೋಡುವುದಿದ್ದರೆ ನೋಡಿ ಬಾ, ಅವಸರವಿಲ್ಲ ಎಂದಳು.

ಹಿಂದೆ ರಹಾಟ ತಿರುಗತೊಡಗಿತ್ತು. ಕಿರ್ರೆಂಬ ಸದ್ದು ಒಮ್ಮೆ ಕೆಳಗೆ ಬಂದು ಹೋಯಿತು, ಮತ್ತೆ ಬಂದು ಹೋಯಿತು. ಅಕ್ಕನಾಗಮ್ಮ ಕೊಂಡಿಯನ್ನೇ ನೋಡುತ್ತ ನಿಂತಳು. ಬೇರೆಲ್ಲ ತೊಟ್ಟಿಲುಗಳಿಂದ ಕೂಗು, ನಗೆ ಕೇಳುತ್ತಿತ್ತು. ಡೇರೆಗಳ ಮುಂದೆ ಗ್ಯಾಸ್‌ಬತ್ತಿ ಹಚ್ಚುತ್ತಿದ್ದರು.

ಜನರನ್ನು ಇಳಿಸಲು ರಹಾಟ ನಿಂತಿತು. ಹಸಿರು ತೊಟ್ಟಿಲು ಸರಿಯಾಗಿ ನೆತ್ತಿಯಲ್ಲಿತ್ತು. ಅದರಾಚೆ ದೂರದಲ್ಲಿ ಗುಮ್ಮಟ, ಕೆಂಪಗಿನ ಆಕಾಶ. ತೊಟ್ಟಿಲು ಗಾಳಿಗೆ ತೂಗಿ ಚೀಲ ಜಾರುವಂತಾದಾಗ ಪರಸವ್ವ ಮುಂದಕ್ಕೆ ಬಾಗಿ, ಅದರ ಹೆಗಲಿದ್ದಿರಬಹುದಾದ ಕಡೆ ಒಂದು ಕೈಯಿಟ್ಟು ಹಿಡಿದಳು. ತೊಟ್ಟಿಲು ಶಾಂತವಾದ ಮೇಲೂ ಅವಳು ಕೈ ತೆಗೆಯಲಿಲ್ಲ. ಹಾಗೇ ಬಾಗಿ, ಕಿವಿಯಲ್ಲಿ ಏನೋ ಹೇಳುವವಳಂತೆ ಮುಖವನ್ನು ಚೀಲದ ಸಮೀಪಕ್ಕೆ ಒಯ್ದು, ಕೆಳಗೆ ರಹಾಟವನ್ನು ಮತ್ತೆ ಜಗ್ಗುವವರೆಗೆ ಕುಳಿತೇ ಇದ್ದಳು. ಸಕ್ಕರೆ ಇನ್ನೂ ಪೂರ್ತಿ ಕರಗಿರಲಿಲ್ಲ. ಅಕ್ಕನಾಗಮ್ಮನ ಹಲ್ಲಿನ ನಡುವೆ ಒಂದು ಹರಳು ಕರಕರ ಎನ್ನುತ್ತಿತ್ತು.